ದಿನಕ್ಕೊಂದು ಹಲ್ಲು

ಮಾರ್ಚ್ 3, ಸೋಮವಾರ

ಚಿಕ್ಕಮ್ಮನ ಕಾಗದ ಬಂದಿದೆ. ಏಪ್ರಿಲ್ 24ರ ಬೆಳಗ್ಗೆ ಇಲ್ಲಿಗೆ ತಲುಪುವ ರೈಲಿಗೆ ಟಿಕೆಟ್ ತೆಗೆದಾಗಿದೆಯಂತೆ. ಒಂಬತ್ತು ವರ್ಷದಿಂದ ‘ಮುಂದಿನ ವರ್ಷ ಖಂಡಿತ’ ಎನ್ನುತ್ತಿದ್ದವಳು ಈ ಸಲ ಬೋಗಿಯ ನಂಬರು, ಸೀಟಿನ ನಂಬರು ಎರಡನ್ನೂ ಬರೆದಿದ್ದಾಳೆ, ತನ್ನ ಮೇಲೆ ತನಗೇ ನಂಬಿಕೆ ಇಲ್ಲದವಳ ಹಾಗೆ. ಅವಳ ಫೋನು ಕೆಟ್ಟು ಮೂರು ತಿಂಗಳಾಯಿತು. ‘ನಾಳೆ ರಿಪೇರಿಯವನಿಗೆ ಹೇಳುತ್ತೇನೆ’ ಎಂಬ ಸಾಲು ಈ ಕಾಗದದಲ್ಲೂ ಇದೆ.

ಅಮ್ಮ ಕಾಗದವನ್ನು ಎರಡು ಸಲ ಓದಿದಳು. ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೇಳಿದಳು:

“ಈ ಬಾಯಿ ಇಟ್ಕೊಂಡು ನಾನು ಅವಳ ಮುಂದೆ ಕೂರೋದಿಲ್ಲ. ಅಷ್ಟರೊಳಗೆ ಹಲ್ಲು ಆಗ್ಲಿಲ್ಲ ಅಂದ್ರೆ ಬರಬೇಡ ಅಂತ ಬರೆದುಬಿಡ್ತೀನಿ, ನೋಡ್ತಿರು.”

ಚಿಕ್ಕಮ್ಮ ಕಂಡೇ ಇರದ ಅಮ್ಮನ ಹಳೆಯ ಹಲ್ಲಿನ ಸೆಟ್ಟು ಎರಡು ವರ್ಷದ ಹಿಂದೆ ತೊಳೆಯುವಾಗ ಕೈಜಾರಿ ಬಿದ್ದು ಎರಡು ತುಂಡಾಯಿತು. ಅಂಟಿಸಿದೆ. ಮತ್ತೆ ಬಿದ್ದು ನಾಲ್ಕಾಯಿತು. ‘ಹೊಸದನ್ನು ನಾನೇ ಮಾಡಿಕೊಡುತ್ತೇನೆ, ಬೇರೆ ಯಾರೂ ಬೇಡ’ ಎಂದೆ. ಹಲ್ಲಿನ ಸೆಟ್ಟು ಮಾಡುವುದೇ ನನ್ನ ಕೆಲಸ. ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷವಾಯಿತು. ಕೈ ಓಡಿದರೆ ಇಪ್ಪತ್ತೆಂಟು ಹಲ್ಲನ್ನು ಒಂದೂವರೆ ಗಂಟೆಯಲ್ಲಿ ಕೂರಿಸಬಲ್ಲೆ. ಆದರೆ ಇದು ಅಮ್ಮನದು. ಒಂದು ಇಡೀ ದಿನ ಬೇಕು, ಒಳ್ಳೆಯ ಬೆಳಕು ಬೇಕು, ಮನಸ್ಸು ತಿಳಿಯಾಗಿರಬೇಕು. ಅಂಥ ದಿನ ಎರಡು ವರ್ಷದಲ್ಲಿ ಒಂದೂ ಬರಲಿಲ್ಲ.

ಅಮ್ಮನಿಗೆ ಇದನ್ನೇ ಹೇಳಿದೆ.

“ದಿನಕ್ಕೊಂದು ಹಲ್ಲು ಅಂತ ಕೂರ್ಸಿದ್ರೂ ಇಷ್ಟು ಹೊತ್ತಿಗೆ ಒಂದಿಡೀ ಹೊಳೆಯ ಮೊಸಳೆಗಳಿಗೆಲ್ಲ ಹಲ್ಲು ಕಟ್ಟಬಹುದಿತ್ತು,” ಎಂದು ಎದ್ದುಹೋದಳು. ಹೋಗುವಾಗ ನನ್ನ ಕೈಚೀಲಕ್ಕೆ ಕೈಹಾಕಿ, ಜನವರಿಯಲ್ಲಿ ಅಂಚೆಗೆ ಹಾಕು ಎಂದು ಕೊಟ್ಟಿದ್ದ ತನ್ನ ಎರಡು ಕಾಗದಗಳನ್ನು ಹೊರಗೆಳೆದು ಮೇಜಿನ ಮೇಲಿಟ್ಟಳು.

ಮಾರ್ಚ್ 4, ಮಂಗಳವಾರ

ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದೆ. ಐವತ್ತೊಂದು ದಿನ ಇದೆ. ಬೇಕಾದಷ್ಟಾಯಿತು. ಇವತ್ತು ಏನೂ ಮಾಡಲಿಲ್ಲ.

ಮಾರ್ಚ್ 6, ಗುರುವಾರ

ಎರಡು ವರ್ಷದ ಹಿಂದೆ ತೆಗೆದಿದ್ದ ಅಮ್ಮನ ದವಡೆಯ ಅಚ್ಚನ್ನು ಕಪಾಟಿನ ಮೇಲಿಂದ ಇಳಿಸಿ ಧೂಳು ಒರೆಸಿದೆ. ಪ್ರಯೋಜನವಿಲ್ಲ. ಇಷ್ಟು ದಿನದಲ್ಲಿ ವಸಡು ಕುಗ್ಗಿರುತ್ತದೆ. ಹೊಸ ಅಚ್ಚೇ ಆಗಬೇಕು. ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಇದು ಹೊಳೆದಾಗ ನನಗೆ ಸಮಾಧಾನವಾಯಿತು. ಇವತ್ತು ಶುರು ಮಾಡದಿರಲು ಒಂದು ನ್ಯಾಯವಾದ ಕಾರಣ ಸಿಕ್ಕಿತ್ತು.

ಪಾಲಿಶ್ ಮಾಮ ಆ ಕಡೆಯ ಚಕ್ರದ ಮುಂದೆ ಯಾರದೋ ಸೆಟ್ಟು ಉಜ್ಜುತ್ತಿದ್ದರು. ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಹೊಳಪು ಕೊಡುವುದು ಅವರದೇ ಕೆಲಸ. ಅವರ ನಿಜವಾದ ಹೆಸರು ನಮ್ಮ ಯಜಮಾನರಿಗೂ ನೆನಪಿಲ್ಲ.

“ಅಮ್ಮನದಾ?” ಎಂದರು.

“ಹೌದು ಮಾಮ. ಹಳೇ ಅಚ್ಚು ಆಗಲ್ಲ. ಮುಂದಿನ ವಾರ ಡಾಕ್ಟರ ಹತ್ತಿರ ಕರ್ಕೊಂಡು ಬರ್ತೀನಿ.”

“ಡಾಕ್ಟರು ಇರೋದು ಮೇಲಿನ ಮಹಡಿಯಲ್ಲಿ. ಹದಿನೆಂಟು ಮೆಟ್ಲು. ಅದಕ್ಕೆ ಒಂದು ವಾರ ಬೇಕಾ?”

ಹತ್ತಿ ಹೋಗಿ ಕೇಳಿದೆ. ನಾಳೆ ಬೆಳಗ್ಗೆ ಒಂಬತ್ತಕ್ಕೆ ಬನ್ನಿ ಎಂದರು. ಮೆಟ್ಟಿಲು ಹತ್ತೊಂಬತ್ತಿವೆ.

ಮಾರ್ಚ್ 7, ಶುಕ್ರವಾರ

ಅಚ್ಚು ತೆಗೆದಾಯಿತು. ಡಾಕ್ಟರು ಅಚ್ಚನ್ನು ನನ್ನ ಕೈಗೆ ಕೊಡಲು ಬಂದಾಗ ಅಮ್ಮ ಕುರ್ಚಿಯಲ್ಲಿ ಕೂತೇ, “ಇವಳ ಕೈಗೆ ಕೊಡಬೇಡಿ ಡಾಕ್ಟ್ರೇ, ಮ್ಯೂಸಿಯಂ ಸೇರುತ್ತೆ,” ಎಂದಳು. ಇಬ್ಬರೂ ನಕ್ಕರು. ನಾನು ಕೆಳಗೆ ಬಂದು ನೆಟ್ಟಗೆ ಪ್ಲಾಸ್ಟರ್ ಕಲಸಿದೆ. ಸಿಟ್ಟಿನಲ್ಲಿ ಕಲಸಿದರೆ ಗುಳ್ಳೆ ಬರುವುದಿಲ್ಲ ಎಂದು ಇವತ್ತು ಗೊತ್ತಾಯಿತು.

ಮಾರ್ಚ್ 12, ಬುಧವಾರ

ಮೇಲಿನ ದವಡೆ, ಕೆಳಗಿನ ದವಡೆ ಎರಡೂ ಈಗ ‘ಬಾಯಿಬಡುಕ’ನಿಗೆ ಹತ್ತಿವೆ. ದವಡೆಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಚೌಕಟ್ಟಿಗೆ ನಮ್ಮ ಲ್ಯಾಬಿನಲ್ಲಿ ಇರುವ ಹೆಸರು ಅದು. ಎರಡು ದವಡೆಯ ಮೇಲೂ ಗುಲಾಬಿ ಬಣ್ಣದ ಮೇಣದ ದಿಂಡು. ಹಲ್ಲುಗಳನ್ನು ಮೊದಲು ಕೂರಿಸುವುದು ಈ ಮೇಣದಲ್ಲಿ.

ಕೆಲಸ ಶುರುವಾಗುವುದು ಎಂಟಕ್ಕೆ. ಇವತ್ತು ಏಳು ನಲವತ್ತಕ್ಕೆ ಹೋದೆ. ಅಮ್ಮನ ಮೊಸಳೆಯ ಮಾತು ತಲೆಯಲ್ಲಿತ್ತು. ಸರಿ, ಹಾಗೇ ಆಗಲಿ ಎಂದು ಒಂದೇ ಒಂದು ಹಲ್ಲು ಕೂರಿಸಿದೆ: ಮೇಲಿನ ಸಾಲು, ಬಲಗಡೆಯ ಮುಂಭಾಗದ್ದು. ದೀಪ ಹಚ್ಚಿ, ಚಾಕು ಕಾಯಿಸಿ, ಮೇಣ ಕರಗಿಸಿ, ಹಲ್ಲಿಟ್ಟು, ತಣ್ಣಗಾಗುವವರೆಗೆ ಹಿಡಿದುಕೊಂಡೆ. ಹನ್ನೊಂದು ನಿಮಿಷ.

ಇಡೀ ದವಡೆಯಲ್ಲಿ ಒಂದು ಹಲ್ಲು. ನೋಡಿದರೆ ನಗು ಬರುತ್ತದೆ.

ನಾನು ಹಾಕಿಕೊಂಡಿರುವ ನಿಯಮ: ಭಾನುವಾರ ರಜೆ, ಉಳಿದಂತೆ ದಿನಕ್ಕೊಂದು. ಹೆಚ್ಚು ಮಾಡುವಂತಿಲ್ಲ. ಹೆಚ್ಚು ಮಾಡಲು ಹೊರಟರೆ ಮತ್ತೆ ಆ ಇಡೀ ದಿನ ಬೇಕು ಅನ್ನಿಸುತ್ತದೆ.

ಮಾರ್ಚ್ 13, ಗುರುವಾರ

ಎರಡು.

ಮಾರ್ಚ್ 15, ಶನಿವಾರ

ನಾಲ್ಕು. ಪಾಲಿಶ್ ಮಾಮ ಕೋಟು ಬಿಚ್ಚುವ ಮೊದಲೇ ನನ್ನ ಮೇಜಿಗೆ ಬಂದು ಬಗ್ಗಿ ನೋಡುತ್ತಾರೆ. “ಕೂಸಿಗೆ ಇವತ್ತು ಎಷ್ಟನೇ ಹಲ್ಲು ಬಂತು?” ಎಂದು ಕೇಳುತ್ತಾರೆ. ಕೂಸಿಗೆ ಎಪ್ಪತ್ತೊಂದು ವರ್ಷ.

ಮಾರ್ಚ್ 20, ಗುರುವಾರ

ಎರಡು ದಿನ ತಪ್ಪಿತು. ಮಂಗಳವಾರ ಮೂಗು ಕಟ್ಟಿತ್ತು, ಹಾಸಿಗೆ ಬೆಚ್ಚಗಿತ್ತು. ನಾಳೆ ಎರಡು ಕೂರಿಸಿದರಾಯಿತು ಎಂದುಕೊಂಡೆ. ಬುಧವಾರ ಎರಡು ಕೂರಿಸಬೇಕಲ್ಲ ಎಂದು ಯೋಚಿಸಿ ಭಾರವಾಯಿತು, ಅವತ್ತೂ ತಡವಾಗಿ ಹೋದೆ. ಇವತ್ತು ಲೆಕ್ಕ ಮೂರಕ್ಕೆ ಏರಿತ್ತು. ಏಳು ನಲವತ್ತಕ್ಕೆ ಮೇಜಿನ ಮುಂದೆ ಕೂತು ದೀಪವನ್ನೂ ಹಚ್ಚದೆ ಸುಮ್ಮನಿದ್ದೆ.

ಪಾಲಿಶ್ ಮಾಮ ಯಾಕೋ ಬೇಗ ಬಂದಿದ್ದರು. ಕಾರಣ ಕೇಳಿದರು, ಹೇಳಿದೆ.

“ಮೊನ್ನೆಯ ಹಲ್ಲು ಮೊನ್ನೆಗೇ ಉದುರಿಹೋಯ್ತು ತಾಯಿ. ನಿನ್ನೆಯದು ನಿನ್ನೆಗೆ. ಇವತ್ತಿನದು ಕೂರ್ಸು, ಸಾಕು.”

“ಹಾಗಾದ್ರೆ ಲೆಕ್ಕ ತಪ್ಪುತ್ತಲ್ಲ ಮಾಮ?”

“ಹಲ್ಲು ಕಟ್ಟೋಳು ನೀನು. ನಿನಗ್ಯಾಕೆ ಗುಮಾಸ್ತನ ಕೆಲಸ?”

ಆರು. ಮೇಲಿನ ಮುಂಭಾಗ ಪೂರ್ತಿಯಾಯಿತು.

ಮಾರ್ಚ್ 27, ಗುರುವಾರ

ಹನ್ನೆರಡು. ಮೇಲೆ ಆರು, ಕೆಳಗೆ ಆರು. ಮುಂಭಾಗವೆಲ್ಲ ಮುಗಿದದ್ದರಿಂದ ಅಮ್ಮನಿಗೆ ಹಾಕಿ ನೋಡಲೆಂದು ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ನನ್ನ ಕೆಲಸದಲ್ಲಿ ಇಷ್ಟು ಸಮವಾದ ಸಾಲು ಹಿಂದೆ ಬಂದಿರಲಿಲ್ಲ. ದಾರದ ಎಳೆ ಹಿಡಿದು ಪರೀಕ್ಷಿಸಿದ್ದೆ.

ಅಮ್ಮ ಹಾಕಿಕೊಂಡು ಕಿಟಕಿಯ ಬಳಿ ಕನ್ನಡಿ ಹಿಡಿದಳು. ತುಟಿ ಬಿಡಿಸಿ ನೋಡಿದಳು, ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು.

“ಯಾರ ಬಾಯೇ ಇದು?”

“ನಿಂದೇ.”

“ಚೆನ್ನಾಗಿದೆ ಬಿಡು. ಸೋಪಿನ ಜಾಹೀರಾತಿನವಳ ಥರ ಇದೆ. ಆದ್ರೆ ನಂದಲ್ಲ.”

“ಅಮ್ಮಾ, ಇದಕ್ಕಿಂತ ನೆಟ್ಟಗೆ ಯಾರೂ ಕೂರ್ಸೋಕೆ ಆಗಲ್ಲ.”

“ನೆಟ್ಟಗಿರಲಿ ಅಂತ ಯಾರು ಕೇಳಿದ್ರು ನಿನ್ನ?”

ಒಳಗೆ ಹೋಗಿ ಒಂದು ಫೋಟೋ ತಂದು ನನ್ನ ಮುಂದಿಟ್ಟಳು. ಅಮ್ಮ, ಚಿಕ್ಕಮ್ಮ ಒಂದು ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ನಗುತ್ತಿದ್ದಾರೆ. ಅಮ್ಮನಿಗೆ ಹತ್ತೊಂಬತ್ತು ಇರಬಹುದು. ಮೇಲಿನ ಸಾಲಿನಲ್ಲಿ, ಎಡಗಡೆಯ ಎರಡನೆಯ ಹಲ್ಲು ಸ್ವಲ್ಪ ತಿರುಗಿ ಪಕ್ಕದ ಹಲ್ಲಿನ ಮೇಲೆ ಹೆಗಲು ಇಟ್ಟಂತಿದೆ. ನಾನು ಈ ಫೋಟೋವನ್ನು ನೂರು ಸಲ ನೋಡಿದ್ದೇನೆ. ಹತ್ತೊಂಬತ್ತು ವರ್ಷದಿಂದ ಹಲ್ಲು ಮಾಡುತ್ತಿದ್ದೇನೆ. ಈ ಹಲ್ಲನ್ನು ಗಮನಿಸಿರಲಿಲ್ಲ.

“ಅವಳು ನನ್ನ ಗುರುತು ಹಿಡಿಯೋದೇ ಇದರಿಂದ,” ಎಂದಳು ಅಮ್ಮ. ಮೇಣದ ಹಲ್ಲು ತೆಗೆದು ಡಬ್ಬಿಗೆ ಹಾಕಿ, ಬಾಯಿಗೆ ಮತ್ತೆ ಕೈ ಅಡ್ಡ ಇಟ್ಟುಕೊಂಡಳು.

ಮಾರ್ಚ್ 28, ಶುಕ್ರವಾರ

ಹೊಸ ಹಲ್ಲು ಕೂರಿಸಲಿಲ್ಲ. ಆ ಒಂದನ್ನು ತಿರುಗಿಸಿದೆ. ಬೇಕೆಂದೇ ಸೊಟ್ಟ ಕೂರಿಸುವುದು ಎಷ್ಟು ಕಷ್ಟ! ಕೈ ತಾನಾಗಿಯೇ ನೆಟ್ಟಗೆ ಮಾಡುತ್ತದೆ. ಮೊದಲ ಸಲ ಹೆಚ್ಚಾಯಿತು, ಹಾಕಿಕೊಂಡರೆ ಅಮ್ಮ ಜಗಳಗಂಟಿಯ ಹಾಗೆ ಕಾಣುತ್ತಿದ್ದಳು. ಎರಡನೆಯ ಸಲ ಯಾರೂ ಗಮನಿಸದಷ್ಟು ಕಡಿಮೆ. ಮೂರನೆಯ ಸಲ ಫೋಟೋವನ್ನು ದೀಪಕ್ಕೆ ಒರಗಿಸಿಟ್ಟುಕೊಂಡು ಮಾಡಿದೆ.

ಸಂಜೆ ಅಮ್ಮ ಹಾಕಿಕೊಂಡಳು. ಉಗುರಿನಿಂದ ಆ ಹಲ್ಲನ್ನು ಮುಟ್ಟಿ ನೋಡಿದಳು.

“ಹ್ಞಾ. ಬಂದ್ಲು, ಫೋಟೋದವಳು,” ಎಂದಳು.

ಏಪ್ರಿಲ್ 4, ಶುಕ್ರವಾರ

ಹತ್ತೊಂಬತ್ತು. ಹದಿನೆಂಟು ಅಂದುಕೊಂಡಿದ್ದೆ. ಸಂಜೆ ಎಣಿಸಿದಾಗ ಗೊತ್ತಾಯಿತು, ಬೆಳಗ್ಗೆ ಎರಡು ಕೂರಿಸಿಬಿಟ್ಟಿದ್ದೇನೆ. ನಿಯಮ ಮುರಿದದ್ದು ತಪ್ಪು.

ಬಚ್ಚಲಿನ ನಲ್ಲಿಯ ವಾಷರ್ ಬದಲಾಯಿಸಿದೆ. ಐದು ನಿಮಿಷದ ಕೆಲಸ. ಲೈಬ್ರರಿಯ ಪುಸ್ತಕವನ್ನು ಗಡುವಿನೊಳಗೇ ಹಿಂತಿರುಗಿಸಿದೆ. ಲೈಬ್ರರಿಯಾಕೆ ತಾರೀಖು ನೋಡಿ, ಆಮೇಲೆ ನನ್ನ ಮುಖ ನೋಡಿ, “ಹುಷಾರಾಗಿದ್ದೀರಿ ತಾನೇ?” ಎಂದು ಕೇಳಿದರು. ಯಾಕೋ ಗೊತ್ತಾಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಇಪ್ಪತ್ತೆರಡು. ಈಗ ಬರುತ್ತಿರುವುದು ದವಡೆ ಹಲ್ಲುಗಳು. ಮೇಲಿನದು ಕೆಳಗಿನದರ ಹಳ್ಳಕ್ಕೆ ಸರಿಯಾಗಿ ಇಳಿಯಬೇಕು. ಇಳಿದಾಗ ಬಾಯಿಬಡುಕ ‘ಟಕ್’ ಎಂದು ಒಂದು ಸದ್ದು ಮಾಡುತ್ತಾನೆ. ಆ ಸದ್ದಿಗೋಸ್ಕರವೇ ಈಚೆಗೆ ಏಳೂವರೆಗೇ ಹೋಗುತ್ತಿದ್ದೇನೆ.

ಬೆಳಗ್ಗೆ ಹೊರಡುವಾಗ ಅಮ್ಮ ಚಿಕ್ಕಮ್ಮನಿಗೆ ಬರೆದ ಕಾಗದವೊಂದನ್ನು ನನ್ನ ಚೀಲಕ್ಕೆ ಹಾಕಿ, ಅಂಚೆಗೆ ಹಾಕು ಎಂದಳು. ಬರುವಾಗ ಏನೇನು ತರಬೇಕು ಎಂಬ ಪಟ್ಟಿ ಇರಬೇಕು. ಬೇಕರಿಯ ಪಕ್ಕದ ಡಬ್ಬಿಗೆ ಹಾಕಿದೆ. ಬೇಕರಿಯವನು ಅಂಗಡಿಯ ಗಾಜು ಒರೆಸುತ್ತಿದ್ದ.

ಏಪ್ರಿಲ್ 10, ಗುರುವಾರ

ಇಪ್ಪತ್ತನಾಲ್ಕು. ಟಕ್.

ಏಪ್ರಿಲ್ 15, ಮಂಗಳವಾರ

ಇಪ್ಪತ್ತೆಂಟು.

ಪಾಲಿಶ್ ಮಾಮ ಎರಡು ಕೈಯಲ್ಲೂ ಬಾಯಿಬಡುಕನನ್ನು ಎತ್ತಿ ಹಿಡಿದು ಬೆಳಕಿಗೆ ತಿರುಗಿಸಿದರು. ಆ ಸೊಟ್ಟ ಹಲ್ಲಿನ ಹತ್ತಿರ ನಿಂತರು. ಏನೋ ಹೇಳುತ್ತಾರೆ ಎಂದುಕೊಂಡೆ. ಕನ್ನಡಕ ತೆಗೆದು ಒರೆಸಿಕೊಂಡು, “ಬೇಗ ಬೇಯಿಸು. ಉಜ್ಜೋಕೆ ಕೈ ಕಡೀತಿದೆ,” ಎಂದರು.

ಸಂಜೆ ಅಮ್ಮನಿಗೆ ಹಾಕಿ ನೋಡಿದೆ. ಎಲ್ಲ ಸರಿಯಿದೆ. “ಕಡಿದು ನೋಡ್ಲಾ?” ಎಂದಳು. “ಇನ್ನೂ ಮೇಣ ಅಮ್ಮಾ, ನುಂಗಿಬಿಡ್ತೀಯ,” ಎಂದೆ.

ಏಪ್ರಿಲ್ 17, ಗುರುವಾರ

ಮೇಣವಿದ್ದ ಜಾಗಕ್ಕೆ ಪ್ಲಾಸ್ಟಿಕ್ ಬರುವ ದಿನ. ಇಡೀ ಸೆಟ್ಟನ್ನು ಪ್ಲಾಸ್ಟರಿನಲ್ಲಿ ಹುದುಗಿಸಿ, ಬಿಸಿನೀರಿನಲ್ಲಿ ಮೇಣ ಕರಗಿಸಿ, ಆ ಖಾಲಿ ಜಾಗಕ್ಕೆ ಗುಲಾಬಿ ಹಿಟ್ಟು ತುಂಬಿ ಬೇಯಿಸಬೇಕು. ಮುಚ್ಚಿದ ಮೇಲೆ ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಇಪ್ಪತ್ತೆಂಟು ಬೆಳಗುಗಳೆಲ್ಲ ಒಂದು ಪಾತ್ರೆಯಲ್ಲಿ ಕುದಿಯುತ್ತಿದ್ದವು. ಒಂದು ಗಂಟೆ ಪಾತ್ರೆಯ ಪಕ್ಕ ನಿಂತೇ ಇದ್ದೆ.

ಏಪ್ರಿಲ್ 19, ಶನಿವಾರ

ಮಧ್ಯಾಹ್ನ ಪಾಲಿಶ್ ಮಾಮ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು. ಅವರ ಕರವಸ್ತ್ರ, ಇಸ್ತ್ರಿ ಮಾಡಿದ್ದು.

ಅಮ್ಮ ಹಾಕಿಕೊಂಡಳು. ಮೊದಲು ಸುಮ್ಮನೆ ಬಾಯಿ ಮುಚ್ಚಿ ಕೂತಳು. ಆಮೇಲೆ ಹುರಿದ ಕಡಲೆಕಾಯಿ ಒಂದನ್ನು ಬಾಯಿಗೆ ಹಾಕಿ ಕಡಿದಳು. ಆ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಆಮೇಲೆ ಪೇಪರ್ ಬಿಡಿಸಿ ಮೊದಲ ಪುಟದಿಂದ ಜೋರಾಗಿ ಓದತೊಡಗಿದಳು. ಮೊದಲೆಲ್ಲ ದಿನಾ ಹೀಗೆ ಓದಿ, ಪ್ರತಿ ಸುದ್ದಿಗೂ ತನ್ನದೊಂದು ತೀರ್ಪು ಸೇರಿಸುತ್ತಿದ್ದಳು. ಎರಡು ವರ್ಷದಿಂದ ನಿಂತಿತ್ತು. ಹವಾಮಾನದ ಸುದ್ದಿಯನ್ನೂ ಬೈದು ಮುಗಿಸಿದ ಮೇಲೆ ಪೇಪರ್ ಮಡಿಸಿಟ್ಟಳು.

“ಇನ್ನು ಆ ಕಾಗದ ಕೊಡು, ಹರಿದು ಹಾಕ್ತೀನಿ.”

“ಯಾವ ಕಾಗದ?”

“ಅದೇ ಕಣೇ, ಮೊನ್ನೆ ನಿನ್ನ ಚೀಲಕ್ಕೆ ಹಾಕಿದ್ನಲ್ಲ, ಅವಳಿಗೆ ಬರೆದದ್ದು.”

“ಅದನ್ನ ಅವತ್ತೇ ಡಬ್ಬಿಗೆ ಹಾಕಿದೆ.”

ಅಮ್ಮ ನಕ್ಕಳು. “ಸಾಕು ತಮಾಷೆ. ಕೊಡು.”

“ನಿಜ ಅಮ್ಮಾ. ಬೇಕರಿ ಹತ್ತಿರದ ಡಬ್ಬಿಗೆ.”

“ನೀನಾ? ಅವತ್ತೇನಾ?”

“ಅವತ್ತೇ. ನೀನೇ ಹೇಳಿದ್ಯಲ್ಲ, ಹಾಕು ಅಂತ?”

“ನಾನು ಹೇಳ್ತೀನಿ! ಇಪ್ಪತ್ತು ವರ್ಷದಿಂದ ಹೇಳ್ತಾನೇ ಇದೀನಿ. ಯಾವತ್ತಾದ್ರೂ ಹಾಕಿದ್ದೀಯಾ?”

ಕುರ್ಚಿ ಎಳೆದು ಕೂತಳು. ಆಮೇಲೆ ಒಂದೊಂದಾಗಿ ಹೊರಬಂತು. ಕಾಗದದಲ್ಲಿ ಪಟ್ಟಿ ಇರಲಿಲ್ಲ. ‘ಈ ಸಲ ಬೇಡ, ಮೈಯಲ್ಲಿ ಚೆನ್ನಾಗಿಲ್ಲ, ಮುಂದಿನ ವರ್ಷ ನೋಡೋಣ’ ಎಂದಿತ್ತು.

“ಯಾಕಮ್ಮಾ? ಅವತ್ತು ಇಪ್ಪತ್ತೆರಡು ಹಲ್ಲು ಆಗಿತ್ತಲ್ಲ?”

“ಅದಕ್ಕೇ ಹೆದರಿಕೆ ಆಯ್ತು. ನೀನು ಮುಗಿಸಲ್ಲ ಅಂತ ನಾನು ಧೈರ್ಯವಾಗಿದ್ದೆ. ಮುಗಿಯೋ ಹಾಗೆ ಕಾಣ್ತು. ಒಂಬತ್ತು ವರ್ಷ ಆದ್ಮೇಲೆ ಬರ್ತಾಳೆ, ನನ್ನ ನೋಡಿ ಏನಂದ್ಕೋತಾಳೋ ಅಂತ ಒಂದು ಬೆಳಗ್ಗೆ ಪೆನ್ನು ತಗೊಂಡೆ. ಬರೆದೆ. ಬರೆದ್ಮೇಲೆ ಹಗುರ ಆಯ್ತು. ಮನೇಲಿಟ್ರೆ ನಾನೇ ಹೋಗಿ ಹಾಕಿಬಿಡ್ತೀನೇನೋ ಅಂತ ನಿನ್ನ ಚೀಲಕ್ಕೆ ಹಾಕಿದೆ. ನಿನ್ನ ಚೀಲ ಅಂದ್ರೆ ಬ್ಯಾಂಕ್ ಲಾಕರ್ ಇದ್ದ ಹಾಗೆ ಅಂದ್ಕೊಂಡಿದ್ದೆ.”

ನನಗೆ ಕ್ಷಮೆ ಕೇಳಬೇಕೋ ಬೇಡವೋ ತಿಳಿಯಲಿಲ್ಲ. ಹೇಳಿದ ಕೆಲಸ ಮಾಡಿದ್ದಕ್ಕೆ ಹಿಂದೆ ಎಂದೂ ಬೈಸಿಕೊಂಡಿರಲಿಲ್ಲ.

ಏಪ್ರಿಲ್ 20, ಭಾನುವಾರ

ಚಿಕ್ಕಮ್ಮನ ನಂಬರಿಗೆ ಆರು ಸಲ ಫೋನ್ ಮಾಡಿದೆ. ಇನ್ನೂ ಕೆಟ್ಟೇ ಇದೆ. ಕಾಗದ ಅವಳಿಗೆ ತಲುಪಿ ಒಂದು ವಾರವಾದರೂ ಆಗಿರಬೇಕು. ಅಮ್ಮ ಹೊಸ ಕಾಗದ ಬರೆದಳು. ಒಂದೇ ಸಾಲು: ‘ಮೊದಲಿನದನ್ನು ನಂಬಬೇಡ, ಬಾ.’

ಇಡೀ ದಿನ ಹಲ್ಲು ಹಾಕಿಕೊಂಡೇ ಇದ್ದಳು, ಆದರೆ ಪೇಪರ್ ಓದಲಿಲ್ಲ.

ಏಪ್ರಿಲ್ 21, ಸೋಮವಾರ

ಅಂಚೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ತುರ್ತು ಅಂಚೆ. ‘ಬುಧವಾರ ತಲುಪಬಹುದು, ತಲುಪದೆಯೂ ಇರಬಹುದು’ ಎಂದರು ಕಿಟಕಿಯಾಚೆಯವರು. ಅವಳು ರೈಲು ಹತ್ತಬೇಕಾದದ್ದು ಬುಧವಾರ ಸಂಜೆ.

ಏಪ್ರಿಲ್ 23, ಬುಧವಾರ

ಕೆಳಗಿನ ಸೆಟ್ಟು ಬಲಗಡೆ ಸ್ವಲ್ಪ ಒತ್ತುತ್ತಿತ್ತು. ಉಜ್ಜಿ ಸರಿಮಾಡಿದೆ. ಅಮ್ಮ ಚಿಕ್ಕಮ್ಮನಿಗಾಗಿ ಹಾಸಿದ್ದ ಹಾಸಿಗೆಯ ಹೊದಿಕೆ ತೆಗೆದು ಮಡಿಸಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಾಸಿದಳು.

“ನಾಳೆ ಸ್ಟೇಷನ್ನಿಗೆ ಹೋಗೋದಾ?” ಎಂದು ಕೇಳಿದೆ.

“ಬರದೇ ಇದ್ರೆ?”

“ಪ್ಲಾಟ್‌ಫಾರಂ ಟಿಕೆಟ್ ದಂಡ, ಅಷ್ಟೇ.”

ಏಪ್ರಿಲ್ 24, ಗುರುವಾರ

ರೈಲು ಹತ್ತು ಹತ್ತಕ್ಕೆ. ಅಮ್ಮ ಒಂಬತ್ತಕ್ಕೇ ಪ್ಲಾಟ್‌ಫಾರಮ್ಮಿನಲ್ಲಿದ್ದಳು. ಏಳನೆಯ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೂರು ಜನರನ್ನು ಕೇಳಿ, ಮೂವರೂ ಒಂದೇ ಜಾಗ ತೋರಿಸಿದರೂ ನಂಬದೆ ಅತ್ತಿತ್ತ ಓಡಾಡುತ್ತಿದ್ದಳು.

ರೈಲು ಬಂತು. ಏಳನೆಯ ಬೋಗಿಯಿಂದ ಒಬ್ಬ ಸಿಪಾಯಿ ಇಳಿದ, ಒಂದು ಸಂಸಾರ ಇಳಿಯಿತು, ಒಂದು ಹೊಲಿಗೆ ಯಂತ್ರ ಇಳಿಯಿತು. ಆಮೇಲೆ ಯಾರೂ ಇಲ್ಲ. ಅಮ್ಮ ನನ್ನ ತೋಳು ಹಿಡಿದುಕೊಂಡಳು.

“ಬಾ, ಹೋಗೋಣ,” ಎಂದಳು. ಹಾಗೆನ್ನುವಾಗ ಅವಳ ಕೈ ಬಾಯಿಯ ಕಡೆ ಏಳುತ್ತಿತ್ತು.

ಆಗ ಬಾಗಿಲಿನಿಂದ ಒಂದು ಚೀಲ ಬಂತು. ಅದರ ಹಿಂದೆ ಇನ್ನೊಂದು ಚೀಲ. ಅದರ ಹಿಂದೆ ಚಿಕ್ಕಮ್ಮ. ಸ್ಟೇಷನ್ ಬಂದ ಮೇಲೆ ಸಾಮಾನು ಜೋಡಿಸಿದರಾಯಿತು ಎಂದುಕೊಂಡಿದ್ದಳಂತೆ.

ಅಮ್ಮನ ಕೈ ಅರ್ಧಕ್ಕೆ ನಿಂತಿತು. ಪೂರ್ತಿ ಬಾಯಿ ತೆರೆದು ನಕ್ಕಳು. ಚಿಕ್ಕಮ್ಮ ಚೀಲಗಳನ್ನು ಅಲ್ಲೇ ಬಿಟ್ಟು ಹತ್ತಿರ ಬಂದು, ಅಮ್ಮನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ನಮ್ಮ ಡಾಕ್ಟರೂ ಹಾಗೆ ನೋಡುವುದಿಲ್ಲ.

“ಅಕ್ಕಾ! ಆ ಸೊಟ್ಟ ಹಲ್ಲು ಇನ್ನೂ ಹಾಗೇ ಇದೆಯಲ್ಲೇ!” ಎಂದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೇಳಿದಳು. “ನಂದು ಎಲ್ಲಾ ಹೋಯ್ತು ನೋಡು. ಕಟ್ಟಿಸಿಕೊಂಡದ್ದು ಲೊಡಲೊಡ ಅನ್ನುತ್ತೆ. ನೀನು ಅದು ಹೇಗೆ ಉಳಿಸ್ಕೊಂಡೆ?”

ಅಮ್ಮ ನನ್ನ ಕಡೆ ನೋಡಲಿಲ್ಲ.

“ಏನಿಲ್ಲ ಕಣೇ,” ಎಂದಳು. “ದಿನಾ ಬೆಳಗ್ಗೆ ಸ್ವಲ್ಪ ಸ್ವಲ್ಪ ನೋಡ್ಕೋಬೇಕು.”

ನಾನು ಚೀಲಗಳನ್ನು ಎತ್ತಿಕೊಂಡೆ.

ಮನೆಯಲ್ಲಿ ಚಹಾ ಕುಡಿಯುವಾಗ ಕೇಳಿದೆ: “ಚಿಕ್ಕಮ್ಮಾ, ಅಮ್ಮನ ಕಾಗದ ಬಂತಾ?”

“ಬಂತಲ್ಲ, ಎರಡು ಬಂತು.” ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಎರಡನ್ನೂ ಒಡೆದಿರಲಿಲ್ಲ. “ಮೊದಲನೆಯದು ಬಂದಾಗ ಕನ್ನಡಕ ಸಿಗ್ಲಿಲ್ಲ, ಆಮೇಲೆ ಓದೋಣ ಅಂತ ಇಟ್ಟೆ. ಎರಡನೆಯದು ನಿನ್ನೆ ಹೊರಡೋ ಹೊತ್ತಿಗೆ ಬಂತು. ಹೇಗೂ ಹೋಗ್ತಾ ಇದೀನಿ, ಅವಳ ಬಾಯಲ್ಲೇ ಕೇಳೋಣ ಅಂತ ತಂದೆ. ಈಗ ಓದ್ಲಾ?”

“ನಾಳೆ ಓದೀಯಂತೆ,” ಎಂದಳು ಅಮ್ಮ.

“ಸರಿ, ನಾಳೆ,” ಎಂದು ಚಿಕ್ಕಮ್ಮ ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡಳು. ಅಲ್ಲಿ ಅವು ಕ್ಷೇಮವಾಗಿರುತ್ತವೆ.

ಏಪ್ರಿಲ್ 25, ಶುಕ್ರವಾರ

ಅಮ್ಮನ ಗುಟ್ಟು ಒಂದು ದಿನವೂ ಉಳಿಯಲಿಲ್ಲ. ಅಮ್ಮ ಹಲ್ಲು ತೆಗೆದು ತೊಳೆಯುವಾಗ ಚಿಕ್ಕಮ್ಮ ಬಚ್ಚಲಿಗೆ ನುಗ್ಗಿದಳು. ಇಬ್ಬರೂ ನಗುವುದು ಬೀದಿಯವರೆಗೂ ಕೇಳಿಸಿರಬೇಕು. ಆಮೇಲೆ ಚಿಕ್ಕಮ್ಮ ನನ್ನ ಮುಂದೆ ಬಂದು ನಿಂತು ಬಾಯಿ ತೆರೆದಳು. ಕೇಳಬೇಕಾಗಿಯೇ ಇರಲಿಲ್ಲ. ಹತ್ತೊಂಬತ್ತು ಮೆಟ್ಟಿಲು ಹತ್ತಿಸಿ ಅಚ್ಚು ತೆಗೆಸಿದೆ. ಮಧ್ಯಾಹ್ನವೇ ಪ್ಲಾಸ್ಟರ್ ಹಾಕಿದೆ.

ಸಂಜೆ ಅಮ್ಮ ಅಡುಗೆಮನೆಗೆ ನನ್ನೊಬ್ಬಳನ್ನೇ ಕರೆದಳು. ಬಾಗಿಲು ಸ್ವಲ್ಪ ಮುಂದೆ ಮಾಡಿದಳು.

“ಅವಳದು ವಾಪಸ್ ಟಿಕೆಟ್ ಇನ್ನು ಹದಿಮೂರು ದಿನಕ್ಕೆ.”

“ಗೊತ್ತು ಅಮ್ಮಾ. ಅಷ್ಟರೊಳಗೆ...”

“ಇಪ್ಪತ್ತೆಂಟು ಹಲ್ಲಿಗೆ ಹದಿಮೂರು ದಿನ ಸಾಲಲ್ಲ, ಅಲ್ವಾ?”

ನಾನು ಚಹಾದ ಲೋಟ ತೊಳೆಯತೊಡಗಿದೆ.

“ಅವಸರ ಮಾಡಬೇಡ ಕಣೇ. ಇಷ್ಟು ದಿನ ಹೇಗೆ ಮಾಡಿದ್ಯೋ ಹಾಗೇ ಮಾಡು. ದಿನಕ್ಕೊಂದೇ ಕೂರ್ಸು. ಭಾನುವಾರ ರಜೆ ತಗೋ. ಟಿಕೆಟ್ ಮುಂದಕ್ಕೆ ಹಾಕಿಸಿದ್ರಾಯ್ತು.”

ಒಂದು ಬೆಳಗು ಸಿಕ್ಕರೆ ಇಪ್ಪತ್ತೆಂಟನ್ನೂ ಕೂರಿಸಬಲ್ಲೆ. ಅದನ್ನು ಹೇಳಲಿಲ್ಲ.

ಏಪ್ರಿಲ್ 30, ಬುಧವಾರ

ಚಿಕ್ಕಮ್ಮ: ಒಂದು.